ನೀಲಿ ಬಳಿದ ಬೀದಿ

ಮಳೆಗಾಲ ಹಿಡಿದ ಹೊಸತು, ಬೆಳಕಿನ್ನೂ ಮಬ್ಬಾಗಿದ್ದ ಮುಂಜಾವು. ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ನನ್ನ ಪಕ್ಕ ನಮ್ಮೂರಿನ ಒಬ್ಬ ಅಕ್ಕ, ಅವಳ ತಮ್ಮ ಕೂತಿದ್ದರು. ಅಕ್ಕ ಊರಿನ ನಕ್ಷೆ ಬರೆಯುವವಳು. ಅವತ್ತು ಕಚೇರಿಗೆ ಒಪ್ಪಿಸಬೇಕಿದ್ದ ನಕ್ಷೆಯ ಸುರುಳಿ ಅವಳ ಮಡಿಲಲ್ಲಿತ್ತು. ತಮ್ಮನದು ಸೈಕಲ್ ಅಂಗಡಿ.

“ನಮ್ಮ ಬೀದಿಗೂ ನೀಲಿ ಬಳಿದಿದ್ದೀಯಂತೆ, ಅಕ್ಕಾ?”

“ಹೂಂ ಕಣೋ. ನೆರೆ ನೀರಿಗೆ ಅಂತ ತೆರವು ಮಾಡಿಸೋ ಜಾಗಕ್ಕೆಲ್ಲ ನೀಲಿ. ನಿನ್ನ ಬೀದಿ ಒಂದನ್ನೇ ಬಿಳಿ ಬಿಟ್ಟಿದ್ದೆ. ನಿನ್ನೆ ಅದನ್ನೂ ತುಂಬಿದೆ.”

“ಬಿಳೀನೇ ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನನ್ನ ತಮ್ಮನ ಅಂಗಡಿ ಅಂತ ನೀರು ಸುತ್ತಿಕೊಂಡು ಹೋಗುತ್ತಾ? ಹೋದ್ಸಲ ನೀನು ಕತ್ತಿನ ಮಟ್ಟದ ನೀರಲ್ಲಿ ಸೈಕಲ್ ಹಿಡ್ಕೊಂಡು ನಿಂತಿದ್ದೆ.”

“ಬಿಟ್ಟಿದ್ರೆ ಕೊಚ್ಚಿ ಹೋಗ್ತಿತ್ತಲ್ಲಕ್ಕ.”

“ನೀನು ಹೋಗಿದ್ರೆ?”

ಕೆಳಗೆ ತಗ್ಗಿನಲ್ಲಿದ್ದ ತನ್ನ ಬೀದಿಯಲ್ಲಿ ಆಗಲೇ ನೀರಾಡುತ್ತಿರುವಂತೆ ತಮ್ಮ ಅತ್ತ ದಿಟ್ಟಿಸಿದ.

“ಅಂಗಡಿ ಜಾಗದಲ್ಲಿ ಏನ್ ಬರುತ್ತೆ?”

“ಕೊಳ. ಸುತ್ತ ಹುಲ್ಲು. ಬೇಸಿಗೇಲೂ ತಂಪು.”

“ದೋಣಿ?”

“ಬರಬಹುದು.”

“ಹಾಗಾದ್ರೆ ಮೇಲಿನ ಬೀದೀಲಿ ದೋಣಿ ರಿಪೇರಿ ಅಂತ ಬೋರ್ಡ್ ಹಾಕ್ತೀನಿ. ಅದಕ್ಕೂ ಪಂಚರ್ ಆಗುತ್ತಾ?”

ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಹನಿ ಬಿತ್ತು. ತಮ್ಮ ನಕ್ಷೆಯನ್ನು ಎತ್ತಿಕೊಂಡು ತನ್ನ ಅಂಗಿಯೊಳಗೆ ಅವಚಿಕೊಂಡ. ಬಸ್ ಬಂದಾಗ, ಒಂದು ಹನಿಯೂ ಸೋಕದ ಸುರುಳಿಯನ್ನು ಅವಳ ಕೈಗಿಟ್ಟ. ಅಕ್ಕ ಬಸ್ಸು ಹತ್ತಿ ಹೋದಳು. ತಮ್ಮ ನೆನೆಯುತ್ತ ತನ್ನ ಬೀದಿಗೆ ಇಳಿದ.