ಹೆತ್ತವಳ ಕುರ್ಚಿ

ಏಳು. ಏಳು ಅಂದ್ನಲ್ಲ, ಎರ್ಮಿನಿಯಾ! ಸಿನಿಮಾ ಆದ್ರೇನು, ಪೆಟ್ಟಿಗೇಲಿ ಹೆಣದ ಬದಲು ರಬ್ಬರ್ ಬೊಂಬೆ ಇದ್ರೇನು, ಹೆಣ ಕಾಯೋವಾಗ ತಲೆದೆಸೆಯ ಕುರ್ಚಿ ಹೆತ್ತವಳದ್ದು. ಈ ಊರಿನ ಬೆಕ್ಕಿಗೂ ಗೊತ್ತು ಅದು. ನನ್ನ ಮಗಳು ನಿಯೇವೆಸ್ ಮ್ಯಾಡ್ರಿಡ್‌ಗೆ ಹೋಗಿ ಮರೆತಿರಬಹುದು, ಡೈರೆಕ್ಟರಮ್ಮ ಅವಳು! ನಿನಗೇನು ಬಂದಿತ್ತು ರೋಗ? ಅವಳು ಕೂತ್ಕೋ ಅಂದ್ಲಂತೆ, ಇವಳು ಕೂತ್ಲಂತೆ! ಪಕ್ಕದ ಮನೆಯವಳಿಗೆ ತಾಯಿ ಪಾರ್ಟು. ಸ್ವಂತ ತಾಯಿ ನಾನು, ಹಿಂದುಗಡೆ ಕಾಫಿ ತಟ್ಟೆ ಹಿಡ್ಕೊಂಡು ಓಡಾಡ್ಬೇಕು...

ಯಾಕೆ ನಗ್ತೀ? ನಗಲಿಲ್ವಾ? ತುಟಿ ಅಲ್ಲಾಡಿದ್ದು ನೋಡ್ದೆ ನಾನು. ಮೇಲೆ ಆ ಕಪ್ಪು ಶಾಲು ಬೇರೆ! ನಿಮ್ಮಪ್ಪ ಸತ್ತಾಗ್ಲೂ ಇಷ್ಟು ಮುತುವರ್ಜಿಯಿಂದ ಹೊದ್ದಿರ್ಲಿಲ್ಲ. ಬಿಡು, ಆ ಮುದುಕನಿಗೆ ಅದೇ ಹೆಚ್ಚು.

ಈ ಕಥೆ ಅವಳಿಗೆ ಎಲ್ಲಿಂದ ಸಿಕ್ತು, ಅದನ್ನ ಹೇಳು. ಮದುವೆಯಾಗದ ಹುಡುಗಿ ಬಸುರಾಗ್ತಾಳಂತೆ. ಪಕ್ಕದ ಮನೆ ಬಂಜೆ ಹೊಟ್ಟೆಗೆ ದಿಂಬು ಕಟ್ಕೊಂಡು ಚರ್ಚಿಗೆ ಹೋಗ್ತಾಳಂತೆ. ಬೀದಿ ಹೆಂಗಸರೆಲ್ಲ ಸೇರಿ ಗಂಡಸರ ಕಣ್ಣಿಗೆ ಮಣ್ಣೆರಚ್ತಾರಂತೆ! ಎಲ್ಲಾದ್ರೂ ಉಂಟಾ? ಅದೂ ಉಣ್ಣೆ ದಿಂಬಂತೆ! ಪೆದ್ದಿ. ಉಣ್ಣೆಗೆ ಭಾರ ಎಲ್ಲಿರುತ್ತೆ? ನಡಿಗೇಲೇ ಸಿಕ್ಕಿಬೀಳ್ತೀವಿ. ತೌಡು ತುಂಬ್ಬೇಕು, ಗೋಧಿ ತೌಡು, ವಾರ ವಾರ ಒಂದೊಂದು ಹಿಡಿ ಜಾಸ್ತಿ. ಹೊಟ್ಟೆ ಮುಟ್ಟಬೇಡ ಅಂತ ಸೂಲಗಿತ್ತಿ ಗದರಿದ್ರೂ ಕೇಳ್ದೆ ನನ್ನ ಗಂಡ ಮಕಾರಿಯೋ ಬಟ್ಟೆ ಮೇಲಿಂದ್ಲೇ ಕಿವಿಯಿಟ್ಟು, ‘ಒದೀತು ಕಣೇ!’ ಅಂತ...

ಹಾಗೆ ನೋಡ್ಬೇಡ. ನೋಡ್ಬೇಡ ಅಂದೆ! ಇಲ್ಲಿ ಬೇರೆ ಯಾರಿದ್ದಾರೆ ಕೇಳೋಕೆ, ಎಲ್ಲಾ ಹೊರಗೆ ತಿಂಡಿ ಮುಕ್ತಿದ್ದಾರೆ.

ನೀನೇ ಅವಳಿಗೆ ಹೇಳಿದ್ದು. ಅಲ್ವಾ? ಮುಪ್ಪಿಗೆ ಮಗಳು ಬೇಕಾದ್ಲು ನಿನಗೆ. ಜ್ವರಕ್ಕೆ ರಾತ್ರಿಯೆಲ್ಲ ಎದ್ದವಳು ನಾನು, ಅವಳ ಹೇನು ಹೆಕ್ಕಿದವಳು ನಾನು! ನೀನು ಬೇಲಿಯಾಚೆ ಬಟ್ಟೆ ಒಣಹಾಕ್ತಾ ನೋಡ್ತಿದ್ದೆ, ಅಷ್ಟೇ. ಹೇಳಿಲ್ಲ ಅಂತ ಪ್ರಮಾಣ ಮಾಡು. ಮಾಡು!

ಬಾಯಿಬಿಡಲ್ಲ. ನಿಮ್ಮಪ್ಪ ಬೆಲ್ಟಲ್ಲಿ ಬಾರಿಸಿದಾಗ್ಲೂ ಬಾಯಿಬಿಟ್ಟವಳಲ್ಲ ನೀನು... ಈಗ ಬಿಡ್ತೀಯಾ? ಮತ್ತೆ ಯಾರು? ಸೂಲಗಿತ್ತಿ ಮಣ್ಣು ಸೇರಿದ್ಲು. ಬೀದಿಯವರು ಸತ್ರೂ ಹೇಳಲ್ಲ...

ಆಸ್ಪತ್ರೇಲಿ. ಸೊಂಟದ ಆಪರೇಷನ್ ಆದ್ಮೇಲೆ ಮತ್ತಿನಲ್ಲಿ ನಾನೇನೋ ಬಡಬಡಿಸ್ತಿದ್ನಂತೆ. ನಿಯೇವೆಸ್ ಪಕ್ಕದಲ್ಲಿದ್ಲು. ನೀನು ಬಾಗಿಲ ಹತ್ರ ಇದ್ದೆ ಅಲ್ವಾ? ಕೇಳಿಸ್ತಾ ನಿನಗೆ?... ತಲೆ ಯಾಕೆ ತಗ್ಗಿಸ್ತೀ?

ಹೂಂ. ಅಂದ್ರೆ ನಾನೇ ಹೇಳ್ಬಿಟ್ಟಿದ್ದು.

ಇಷ್ಟು ದಿನ ಗೊತ್ತಿದ್ದೂ ಒಂದು ಮಾತು ಆಡ್ಲಿಲ್ಲ, ಕಳ್ಳಿ.

ಕೇಳು. ಅವಳೇ. ‘ಅಮ್ಮಾ’ ಅಂತ ಕರೀತಿದ್ದಾಳೆ. ನಾನು ತಿರುಗ್ದೆ ನೋಡು, ಕೂಗಿದ ಕೂಡ್ಲೇ. ನೀನು... ಕತ್ತು ಕೂಡ ಅಲ್ಲಾಡಿಸ್ಲಿಲ್ಲ. ಅವಳು ಹುಟ್ಟಿದಾಗಿನಿಂದ ಹೀಗೇ ಅಭ್ಯಾಸ ಮಾಡ್ಕೊಂಡೆಯಾ, ಪಾಪಿ?

ಎಲ್ಲಿಗೆ ಏಳ್ತೀ? ಯಾರು ಏಳು ಅಂದ್ರು ನಿನಗೆ? ಕೂತ್ಕೋ! ಗೂನು ಹಾಕ್ಬೇಡ, ಬೆನ್ನು ನೆಟ್ಟಗಿರ್ಲಿ. ಹೆತ್ತವಳ ಥರ ಕೂತ್ಕೊಳ್ಳೋಕೂ ನಾನೇ ಹೇಳಿಕೊಡ್ಬೇಕು... ಕಾಫಿಗೆ ಸಕ್ಕರೆ ಹಾಕ್ಲಾ?