ಹಿಂದಿನ ದಿನವೇ ಬರೆದ ನಡಾವಳಿ

ಸಭಾಧ್ಯಕ್ಷರಾದ ಸುಲೈಮಾನ್ ಹಾಜಿಯವರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ಝೈನಬಮ್ಮನವರೇ, ಪಾಣೆಮಂಗಳೂರು ನದಿದಂಡೆ ನಾಗರಿಕರ ವೇದಿಕೆಯ ಸದಸ್ಯರೇ, ಊಟಕ್ಕೆ ಇನ್ನೂ ಒಂದು ಗಂಟೆ ಉಂಟೆಂದು ತಿಳಿದೂ ಎದ್ದು ಹೋಗದ ಸಭಿಕರೇ,

ನನ್ನ ಹೆಸರು ಮುನಿರಾಜ. ಊರು ಮೂಡುಬಿದಿರೆ. ಮೂವತ್ತೊಂದು ವರ್ಷ ಸರಕಾರಿ ಕಚೇರಿಗಳಲ್ಲಿ ಶೀಘ್ರಲಿಪಿಗಾರನಾಗಿದ್ದು, ನಿವೃತ್ತನಾಗಿ ಇದು ಮೂರನೆಯ ವರ್ಷ. ಇನ್ನೊಬ್ಬರು ಆಡಿದ ಮಾತನ್ನು ಬರೆದುಕೊಳ್ಳುವುದೇ ನನ್ನ ಕಸುಬು. ಸ್ವಂತ ಮಾತು ಆಡಿ ಅಭ್ಯಾಸವಿಲ್ಲ. ಆದರೂ ಅಭಿನಂದನಾ ಭಾಷಣ ನೀವೇ ಮಾಡಬೇಕು ಎಂದು ನಿಮ್ಮ ಕಾರ್ಯದರ್ಶಿ ಶರೀಫರು ಮನೆಗೇ ಬಂದು ಹೇಳಿದರು. ಕಡತದ ವಿಷಯ ಬಲ್ಲವರು ನೀವೊಬ್ಬರೇ ಎಂದರು. ಅದು ನಿಜ. ಅವರು ತಿಳಿದದ್ದಕ್ಕಿಂತ ಸ್ವಲ್ಪ ಹೆಚ್ಚೇ ನಿಜ.

ಝೈನಬಮ್ಮನವರು ಏನು ಮಾಡಿದರು? ಏಳನೆಯ ತರಗತಿ ಓದಿದ ಹೆಂಗಸು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಮಾಹಿತಿ ಹಕ್ಕಿನಲ್ಲಿ ತನ್ನದೇ ಕೈಬರಹದ ಅರ್ಜಿ ಹಾಕಿದರು. ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಬಂಟ್ವಾಳದ ಪ್ರವಾಸಿ ಬಂಗಲೆಯಲ್ಲಿ ವಿದೇಶಿ ಕಂಪೆನಿಯವರ ಜೊತೆ ಸರಕಾರ ನಡೆಸಿದ ಸಭೆಯ ನಡಾವಳಿ ಕೊಡಿ ಎಂದು ಕೇಳಿದರು. ಕಡತ ಸಿಗುತ್ತಿಲ್ಲ ಎಂಬ ಉತ್ತರ ಬಂತು. ಮೇಲ್ಮನವಿ ಹಾಕಿದರು. ಕಡತ ಸಿಕ್ಕಿತು. ಹನ್ನೊಂದು ಪುಟ. ನಮ್ಮ ನೇತ್ರಾವತಿಯ ನೀರನ್ನು ಕಾರ್ಖಾನೆಗೆ ಎತ್ತುವುದಕ್ಕೆ ಯಾರು ಯಾರು ತಲೆಯಾಡಿಸಿದ್ದರು ಎಂಬುದು ಎಂಟು ವರ್ಷದ ಮೇಲೆ ಊರಿಗೆ ಕಾಗದದಲ್ಲೇ ಕಾಣಸಿಕ್ಕಿತು. ಕಂಪೆನಿ ತನ್ನದೇ ಕಾರಣಕ್ಕೆ ಆಗಲೇ ಜಾಗ ಖಾಲಿ ಮಾಡಿತ್ತು, ಆ ಮಾತು ಬೇರೆ. ಚಪ್ಪಾಳೆ ತಟ್ಟುವವರು ತಟ್ಟಬಹುದು.

ಈಗ ನಾಲ್ಕನೆಯ ಪುಟದ ಮಾತಿಗೆ ಬರುತ್ತೇನೆ. ಆ ಪುಟವನ್ನು ನೀವೆಲ್ಲ ಓದಿದ್ದೀರಿ. ಅದರ ಜೆರಾಕ್ಸ್ ಬಿ.ಸಿ. ರೋಡಿನ ಹೋಟೆಲುಗಳವರೆಗೂ ಹೋಗಿದೆ. 'ವರ್ತಕರ ಪರವಾಗಿ ಶ್ರೀ ಅಬ್ದುಲ್ ಸಲಾಂ ಅವರು ಯೋಜನೆಗೆ ಸಂಪೂರ್ಣ ಒಪ್ಪಿಗೆ ಸೂಚಿಸಿದರು.' ಸಲಾಂ ಅವರು ಇಲ್ಲಿ ಹೆಂಚಿನ ವ್ಯಾಪಾರ ಮಾಡುತ್ತಿದ್ದವರು, ಝೈನಬಮ್ಮನವರ ಯಜಮಾನರು, ತೀರಿಹೋಗಿ ನಾಲ್ಕು ವರ್ಷವಾಯಿತು. ಇಂದು ಹೆಂಡತಿಗೆ ಶಾಲು ಹೊದೆಸುತ್ತಿದ್ದೇವೆ. ಆದರೆ ಗಂಡ ನದಿಯನ್ನು ಬರೆದುಕೊಟ್ಟವನು ಎಂದು ನಮ್ಮಲ್ಲಿ ಎಷ್ಟು ಮಂದಿ ಮನಸ್ಸಿನೊಳಗೆ ಅಂದುಕೊಂಡಿದ್ದೇವೆ? ಕೈ ಎತ್ತಬೇಕಾಗಿಲ್ಲ.

ಸಭಿಕರೇ, ನಡಾವಳಿ ಎಂದರೇನು? ಸಭೆಯಲ್ಲಿ ನಡೆದದ್ದು ಎಂದು ನೀವು ತಿಳಿದಿದ್ದೀರಿ. ನಮ್ಮ ಕಚೇರಿಯಲ್ಲಿ ನಡಾವಳಿಯನ್ನು ಸಭೆಯ ಹಿಂದಿನ ದಿನ ಟೈಪು ಮಾಡುವುದು ವಾಡಿಕೆ. ಸಾಹೇಬರು ಚಹಾ ಕುಡಿದು ಜೀಪು ಹತ್ತುವ ಮೊದಲು ಸಹಿ ಬೀಳಬೇಕಲ್ಲ. ಯಾರು ಏನು ಹೇಳಿಯಾರು ಎಂದು ನಾವೇ ಅಂದಾಜು ಮಾಡುತ್ತಿದ್ದೆವು. ವರ್ತಕರು ಒಪ್ಪುತ್ತಾರೆ, ಪಂಚಾಯತಿನವರು ರಸ್ತೆ ಕೇಳುತ್ತಾರೆ, ಕೃಷಿಕರು ಪರಿಶೀಲಿಸಬೇಕೆಂದು ವಿನಂತಿಸುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯೇ ಇರುತ್ತಿತ್ತು. ಒಮ್ಮೆ, ಆಗಲೇ ತೀರಿಕೊಂಡಿದ್ದ ಮಹನೀಯರೊಬ್ಬರು ಸಲಹೆ ನೀಡಿದರೆಂದು ಟೈಪು ಮಾಡಿ, ಅದಕ್ಕೂ ಸಹಿ ಬಿದ್ದದ್ದುಂಟು.

ಹಾಗಾಗಿ ನಾಲ್ಕನೆಯ ಪುಟವನ್ನು ಸಭೆಯ ಹಿಂದಿನ ದಿನ ಟೈಪು ಮಾಡಿದವನು ನಾನು.

ಮರುದಿನ ಸಲಾಂ ಅವರು ಎದ್ದು ನಿಂತು ಮಾತಾಡಿದ್ದು ಬೇರೆಯೇ. ನಾನು ಮೂಲೆಯಲ್ಲಿ ಕುಳಿತು ಶೀಘ್ರಲಿಪಿಯಲ್ಲಿ ಅಷ್ಟನ್ನೂ ಬರೆದುಕೊಂಡೆ. ಸಾಹೇಬರ ಬಳಿಗೆ ಹೋಗಿ, 'ಸಾರ್, ಈ ಪುಟ ತಿದ್ದಬೇಕು' ಎನ್ನಬೇಕಿತ್ತು. ಅನ್ನಲಿಲ್ಲ. ಸಿದ್ದಕಟ್ಟೆ ಮಾರ್ಗವಾಗಿ ಮೂಡುಬಿದಿರೆಗೆ ಐದೂ ಮುಕ್ಕಾಲರ ಬಸ್ಸು, ಅದು ತಪ್ಪಿದರೆ ಮತ್ತೆ ಏಳು ಗಂಟೆಗೆ. ಮನೆಯಲ್ಲಿ ಮಗಳು ತ್ರಿಶಾಳಿಗೆ ಜ್ವರ. ಅದಕ್ಕಾಗಿ ಅವಸರ ಮಾಡಿದೆ. ಆ ತಿಂಗಳ ಕೊನೆಗೆ ನನಗೆ ಮೂಡುಬಿದಿರೆಗೇ ವರ್ಗವಾಯಿತು. ಅದನ್ನು ಮಾಡಿಸಿಕೊಟ್ಟವರೂ ಅದೇ ಸಾಹೇಬರು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಒಂಬತ್ತು ವರ್ಷದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ಇವತ್ತು ನಿಮ್ಮ ಮುಂದೆ ಹೇಳಲು ಹೊರಟರೆ ಬಾಯಿ ಬರುತ್ತಿಲ್ಲ.

ಸಲಾಂ ಒಪ್ಪಿದನಂತೆ ಎಂಬ ಸುದ್ದಿ ವಾರದೊಳಗೆ ಪೇಟೆಗೆ ಬಂತು. ಕಾಗದವನ್ನು ಯಾರೂ ನೋಡಲಿಲ್ಲ, ನೋಡುವ ಹಾಗೂ ಇರಲಿಲ್ಲ. ಹೆಂಚು ಕೊಳ್ಳುವವರು ಬೇರೆ ಅಂಗಡಿಗೆ ಹೋದರು. ಮಸೀದಿಯ ಜಗಲಿಯಲ್ಲಿ ಸಲಾಂ ಅವರು ಬಂದು ಕುಳಿತರೆ ಮಾತು ನಿಲ್ಲುತ್ತಿತ್ತಂತೆ. ನನ್ನನ್ನು ಹುಡುಕಿಕೊಂಡು ಮೂಡುಬಿದಿರೆ ಕಚೇರಿಗೆ ಮೂರು ಸಲ ಬಂದರು. 'ಏನು ಬರೆದಿದ್ದೀರಿ ಅಂತ ಒಮ್ಮೆ ತೋರಿಸಿ ಮಾರಾಯ್ರೆ, ಕೊಂಡು ಹೋಗುವುದಿಲ್ಲ, ಇಲ್ಲಿಯೇ ನಿಂತು ಓದ್ತೇನೆ' ಎಂದರು. ಅದು ಗೌಪ್ಯ ಕಡತ ಎಂದೆ. ಯಾರಿಂದ ಗೌಪ್ಯ? ಅದರಲ್ಲಿ ಯಾರ ಹೆಸರಿತ್ತೋ ಅವರಿಂದ.

ಕಳೆದ ವರ್ಷ ಪ್ರತಿ ಸಿಕ್ಕಿದ ಮೇಲೆ ಝೈನಬಮ್ಮನವರು ನಮ್ಮ ಮನೆಗೆ ಬಂದರು. 'ಮುನಿರಾಜಣ್ಣ, ಇದರಲ್ಲಿ ಇವರು ಒಪ್ಪಿದ್ದಾರೆ ಅಂತ ಉಂಟು. ಅವತ್ತು ಮನೆಗೆ ಬಂದು ಇವರು ಹೇಳಿದ್ದು ಬೇರೆ. ನೀವು ಅಲ್ಲಿ ಇದ್ದಿರಲ್ಲ, ಯಾವುದು ಸರಿ?' ಎಂದು ಕೇಳಿದರು. ನಾನು ಏನೆಂದೆ ಗೊತ್ತೆ? 'ಕಾಗದದಲ್ಲಿ ಉಂಟಲ್ಲ, ಅಕ್ಕ' ಎಂದೆ. ಅವರು ಚಹಾ ಪೂರ್ತಿ ಕುಡಿದು, ಲೋಟವನ್ನು ತಾವೇ ಒಳಗಿಟ್ಟು ಹೋದರು.

ನನ್ನ ಹೆಂಡತಿ ಪ್ರಭಾವತಿ ಬಾಗಿಲ ಹಿಂದೆ ನಿಂತು ಕೇಳಿದ್ದಳು. ಹಳೆಯ ಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟಳು. ಆ ಸಭೆಯಲ್ಲಿ ನಾನು ಬರೆದುಕೊಂಡಿದ್ದ ಕಚ್ಚಾ ಪುಸ್ತಕ. ಕಡತಕ್ಕೆ ಸೇರದ್ದು ಎಂದು ಮನೆಗೆ ತಂದಿದ್ದೆ. ಖಾಲಿ ಉಳಿದ ಹಾಳೆಗಳಲ್ಲಿ ಅವಳು ಉಪ್ಪಿನಕಾಯಿಯ ಅಳತೆ ಬರೆದಿಟ್ಟಿದ್ದಳು. 'ನಾನು ಬರೆದದ್ದು ಯಾರಿಗಾದರೂ ಓದ್ಲಿಕ್ಕೆ ಬರ್ತದೆ. ನೀವು ಬರೆದ ಗೀಟು ನಿಮಗೊಬ್ಬರಿಗೇ. ನಾಳೆ ನೀವು ಸತ್ತರೆ ಅದು ಬರೀ ಗೀಚು' ಎಂದಳು. ಕಾನೂನು ಕೊಡಿಸಿದ್ದು ಕಡತದಲ್ಲಿದ್ದ ಹನ್ನೊಂದು ಪುಟ. ಹನ್ನೆರಡನೆಯದು ನಮ್ಮ ಅಡುಗೆಮನೆಯಲ್ಲಿತ್ತು.

ಅದನ್ನು ಈಗ ಓದುತ್ತೇನೆ. ಅಬ್ದುಲ್ ಸಲಾಂ ಅವರ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. 'ನದಿಯನ್ನು ಕೊಡಲಿಕ್ಕೆ ನಾನು ಯಾರು ಸ್ವಾಮಿ? ನನ್ನ ಅಂಗಡಿಯ ಹೆಂಚು ಬೇಕಾದರೆ ಕೇಳಿ, ಕೊಡ್ತೇನೆ. ಎಪ್ರಿಲಿನಲ್ಲಿ ಇಲ್ಲಿ ಮೊಣಕಾಲು ಮುಳುಗುವಷ್ಟು ನೀರಿಲ್ಲ. ಕೇಳುವುದಾದರೆ ದಡದವರನ್ನೆಲ್ಲ ಕರೆದು, ಬಾಗಿಲು ತೆರೆದಿಟ್ಟು ಕೇಳಿ. ನನ್ನ ಒಪ್ಪಿಗೆ ಇಲ್ಲ. ಬರೆದುಕೊಳ್ಳಿ.'

ಕೊನೆಯ ಮಾತನ್ನು ಅವರು ಸಾಹೇಬರಿಗೆ ಹೇಳಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು.

ಝೈನಬಮ್ಮ, ನಿಮ್ಮ ಯಜಮಾನರು ಮನೆಗೆ ಬಂದು ಹೇಳಿದ್ದೇ ಸರಿ. ಕಾಗದ ಸುಳ್ಳು. ಪುಸ್ತಕ ಇಲ್ಲಿದೆ. ಅದರಲ್ಲಿರುವ ಶೀಘ್ರಲಿಪಿಯ ಮೂರು ಪುಟವನ್ನೂ ಕನ್ನಡದಲ್ಲಿ ಬಿಡಿಸಿ ಬರೆದು, ಕೆಳಗೆ ಸಹಿ ಹಾಕಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಯಾರಲ್ಲಿ ಕೇಳಬೇಕಿತ್ತೋ ಅವರು ಈಗಿಲ್ಲ. ಉಪ್ಪಿನಕಾಯಿಯ ಪುಟಗಳೂ ಇರಲಿ ಎಂದು ಪ್ರಭಾವತಿ ಹೇಳಿದ್ದಾಳೆ.

ಒಂದು ವಿನಂತಿ ಉಳಿದಿದೆ. ಪತ್ರಿಕೆಯವರಿಗೆ ಕೊಡುವುದಕ್ಕೆಂದು ಶರೀಫರು ಇಂದಿನ ಸಭೆಯ ವರದಿಯನ್ನು ಬೆಳಿಗ್ಗೆಯೇ ಬರೆದಿಟ್ಟಿದ್ದಾರೆ. ಅವರ ಫೈಲಿನಲ್ಲಿ ಕಂಡೆ. 'ನಿವೃತ್ತ ಶೀಘ್ರಲಿಪಿಗಾರ ಮುನಿರಾಜರು ಝೈನಬಮ್ಮನವರ ಸಾಧನೆಯನ್ನು ಕೊಂಡಾಡಿದರು' ಎಂದು ಉಂಟು. ಅವರನ್ನು ದೂರುವುದಿಲ್ಲ, ಆ ವಾಡಿಕೆಯಲ್ಲಿ ನಾನು ಅವರಿಗಿಂತ ಹಿರಿಯ. ಆದರೆ ಆ ಸಾಲನ್ನು ಹೊಡೆದು ಹಾಕಿ, ಶರೀಫರೇ. ಪೆನ್ನು ತೆಗೆಯಿರಿ. ಅಬ್ದುಲ್ ಸಲಾಂ ಒಪ್ಪಿರಲಿಲ್ಲ. ಒಪ್ಪಿದರೆಂದು ಬರೆದವನು ಮುನಿರಾಜ. ಬರೆದುಕೊಳ್ಳಿ.

ಇಷ್ಟು ಹೊತ್ತು ಕೇಳಿದ ನಿಮಗೂ, ಕರೆದ ವೇದಿಕೆಗೂ ಋಣಿಯಾಗಿದ್ದೇನೆ. ಶರೀಫರು ಬರೆದದ್ದನ್ನು ಓದಿ ನೋಡಿಯೇ ನಾನು ಇಲ್ಲಿಂದ ಹೊರಡುವುದು. ಬಸ್ಸು ತಪ್ಪಿದರೆ ತಪ್ಪಲಿ. ನಮಸ್ಕಾರ.