ಮೂರನೇ ಎರರ್

...ಬ್ಯಾಗು ಆಮ್ಯಾಲೆ ಇಡು ಶಿರೀಷಾ, ಮೊದಲು ಕಂಪ್ಯೂಟರ್ ನೋಡು. ನಾರಾಯಣಪೇಟಿಂದ ಬಸ್ಸಿನಾಗ ಬಂದು ಸುಸ್ತಾಗೀದಿ, ಗೊತ್ತೈತಿ. ಮಕ್ತಲ್‌ದಾಗ ತಾಸುಗಟ್ಟಲೆ ನಿಂತಿತಂತ? ಇರಲಿ, ಕೂಡು.

ಯಾಕ ನಗ್ತೀ? ಹೌದು, ವಹಿ ಇಟ್ಟೀನಿ. ಗದ್ವಾಲ ಕಾಲೇಜಿನಾಗ ಮೂವತ್ತು ವರ್ಷ ಕೆಮಿಸ್ಟ್ರಿ ಕಲಿಸಿದಾಕಿ ನಿಮ್ಮತ್ತಿ, ಬರೀದೆ ಯಾವುದಕ್ಕೂ ಕೈ ಹಾಕಂಗಿಲ್ಲ. ಕೇಳು, ಓದ್ತೀನಿ. ಮುಂಜಾನೆ ಏಳೂ ಹತ್ತು: ಕಂಪ್ಯೂಟರ್ ತಾನ ಅಪ್‌ಡೇಟ್ ಆಗಿ ಅದರ ತಳದ ಕರ್ನೆಲ್ ಹೊಸದಾತು. ಹೊಳಿ ನೀರು ಅಳೆದು ಸೈರನ್ ಕೂಗಿಸೋ ನೀ ಬರದ ಪ್ರೋಗ್ರಾಮು, ಆ ಮಾಡ್ಯೂಲ್, ಹಳೇ ಕರ್ನೆಲ್ಲಿಗೆ ಕಟ್ಟಿದ್ದು, ಲೋಡ್ ಆಗವಲ್ದು. ಎಂಟು: ನಿನಗ ಫೋನ್ ಹತ್ತಲಿಲ್ಲ. ಎಂಟೂವರಿ: ಹೊಸ ಕರ್ನೆಲ್ಲಿಗೆ ಅದನ್ನ ನಾನ ಮತ್ತ ಕಟ್ಟಾಕ, ಬಿಲ್ಡ್ ಮಾಡಾಕ ಕೂತೆ. ನೀ ಮಾಡೋದು ನಾಕು ಸಲ ನೋಡೀನಿ. ಮೊದಲನೇ ಎರರ್, ಹೊಸ ಕರ್ನೆಲ್ಲಿನ ಹೆಡರ್ ಫೈಲ್ ಇಲ್ಲ. ಹಾಕಿದೆ. ಎರಡನೇದು, ಪ್ಯಾಕೇಜಿನಾಗ ಹಳೇ ಕರ್ನೆಲ್ಲಿನ ನಂಬರ್ ಉಳಿದಿತ್ತು. ತಿದ್ದಿದೆ. ಹತ್ತೂ ಇಪ್ಪತ್ತಕ್ಕ ಪ್ಯಾಕೇಜ್ ತಯಾರಾಗಿ ಇನ್‌ಸ್ಟಾಲೂ ಆತು. ನೋಡು, ತುಂಗಭದ್ರಿ ಅಳತಿ ಬರ್ತೈತಿ.

 

ಐದೂ ಎಂಬತ್ತು ಮೀಟರ್. ಆರಕ್ಕ ಸೈರನ್ ಕೂಗ್ತೈತಿ... ಕೂಗಬೇಕು. ಆಶಪ್ಪ ಕುರಿ ಹೊಡಕೊಂಡು ನಡುಗಡ್ಡಿ ಮ್ಯಾಲೆ ಅದಾನ. ಹ್ವಾದ ವರ್ಷ ಯಾರೋ ಸುಳ್ಳ ನೀರು ಬಂತು ಅಂದ್ರಂತ ಗಾಬರಿಲೆ ದಾಟಿಸಾಕ ಹೋಗಿ ಹನ್ನೆರಡು ಮರಿ ಕಳಕೊಂಡ. ಆವಾಗ ಬೀರಪ್ಪ ದೇವರ ಭಂಡಾರ ಮುಟ್ಟಿ ಆಣಿ ಮಾಡ್ಯಾನ, ಯಾರು ಕೂಗಿದ್ರೂ ಅಷ್ಟ, ಸೈರನ್ ಕೇಳದ ಹೊರತು ಕಾಲು ಕೀಳಂಗಿಲ್ಲ ಅಂತ. ಫೋನೂ ಒಯ್ಯಂಗಿಲ್ಲ ಅವ.

ಯಾಕ ಹಾಳಿ ಹಿಂದಕ್ಕ ತಿರುವ್ತೀ? ಎರರ್ ಮೂರು ಅಂತ ಬರದೀನೇನು? ಹಾಂ... ಮೂರನೇದು ಸಣ್ಣದು. ಯಾವುದೋ ಒಂದು ಸಾಲಿನಾಗ ಫಂಕ್ಷನ್ನಿಗೆ ಆರ್ಗ್ಯುಮೆಂಟ್ ಹೆಚ್ಚಾಗ್ಯಾವ ಅಂತಿತ್ತು. ಪರಿಹಾರ ಬರಿಯಾಕ ಮರ್ತೆ.

ಹಂಗ ನೋಡಬ್ಯಾಡ. ನಾ ಮರಿಯೋದಿಲ್ಲಂತ ನಿನಗ ಗೊತ್ತೈತಿ, ನನಗೂ ಗೊತ್ತೈತಿ.

ಆರೂ ಸೊನ್ನಿ ಎರಡು ಮೀಟರ್. ಮಾಳಿಗಿ ಮ್ಯಾಲಿನ ಸೈರನ್ ಕಡಿ ಕಿವಿ ಕೊಟ್ಟೀಯೇನು? ನಾನೂ ಅದನ್ನ ಕೇಳಾಕತ್ತೀನಿ... ಕೂಗವಲ್ದು ಶಿರೀಷಾ. ಬೇಕಾರ ಬೈಯಿ.

ಆ ಸಾಲು ತಗದೆ. ಕಂಪ್ಯೂಟರ್ ಅದನ್ನ ಓದದಂಗ ಅದರ ಮುಂದ ಎರಡು ಓರೆ ಗೆರಿ ಹಾಕಿದೆ, ತಪ್ಪು ಉತ್ತರಕ್ಕ ಕೆಂಪು ಶಾಯಿ ಎಳದಂಗ. ಬಿಲ್ಡ್ ಆತು. ಸೈರನ್ನಿನ ಸಾಲು ಅದು ಅಂತ ಓದಿಯೂ... ನಮ್ಮೂರ ಸಂಘದ ಅಧ್ಯಕ್ಷ ಶಿವಶಂಕರಪ್ಪ ಬೆನ್ನ ಹಿಂದ ನಿಂತಿದ್ದ. "ಸೊಸಿ ಬರಲಿ ಬಿಡ್ರೆಮ್ಮಾ, ನಿಮ್ಮ ಕೈಲಾಗಂಗಿಲ್ಲ" ಅಂದ. "ಆತು ನೋಡ್ರಿ" ಅಂದೆ. ಅವ ಎಲ್ಲರಿಗೂ ಹೇಳಾಕ ಹ್ವಾದ, ಸೈರನ್ ಸರಿಯಾತು ಅಂತ.

ಆ ಸಾಲು ತಿದ್ದಾಕ ಎಷ್ಟು ಹೊತ್ತು? ಬ್ಯಾಡ, ಹೇಳಬ್ಯಾಡ, ತಿದ್ದು. ನಾ ಹೊಳಿ ದಂಡಿಗೆ ಹೋಗ್ತೀನಿ. ನಾ ಕೂಗಿದ್ರ ಅವ ಬರಂಗಿಲ್ಲ... ಆದ್ರೂ ಕೂಗ್ತೀನಿ. ನೀ ಕೀಲಿ ಒತ್ತು.